ಕೊಬ್ಬು ಕರಗುವುದು ಇಪ್ಪತ್ತು ನಿಮಿಷ ಓಡಿದ ಮೇಲೆಯೇ?

ಪ್ರಶ್ನೆ: ಆರು ತಿಂಗಳಿಂದ ದಿನವೂ ಬೆಳಗ್ಗೆ ಓಡುತ್ತಿದ್ದೇನೆ. ದೇಹವು ಮೊದಲ ಹತ್ತು ಸೆಕೆಂಡು ಒಂದು ಬಗೆಯ ಶಕ್ತಿಯನ್ನು ಬಳಸುತ್ತದೆ, ಮುಂದಿನ ಎರಡು ನಿಮಿಷ ಇನ್ನೊಂದನ್ನು, ಇಪ್ಪತ್ತು ನಿಮಿಷ ದಾಟಿದ ಮೇಲಷ್ಟೇ ಕೊಬ್ಬನ್ನು ಮುಟ್ಟುತ್ತದೆ ಎಂದು ತರಬೇತುದಾರರು ಹೇಳುತ್ತಾರೆ. ಹಾಗಾದರೆ ಹದಿನೈದು ನಿಮಿಷ ಓಡುವುದು ವ್ಯರ್ಥವೇ? ಓಟದ ಮೊದಲ ಎರಡು ನಿಮಿಷ ಏದುಸಿರು ಬಂದು, ಆಮೇಲೆ ತಾನಾಗಿಯೇ ಉಸಿರು ಹದಕ್ಕೆ ಬರುವುದೇಕೆ? ಮರುದಿನ ತೊಡೆ ನೋಯುವುದು ಲ್ಯಾಕ್ಟಿಕ್ ಆಮ್ಲ ಉಳಿದುಕೊಂಡದ್ದರಿಂದಲೇ?

ಉತ್ತರ: ಹದಿನೈದು ನಿಮಿಷದ ಓಟ ವ್ಯರ್ಥವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತರಬೇತುದಾರರ ಮಾತು ಪೂರ್ತಿ ಸುಳ್ಳೂ ಅಲ್ಲ. ವಿದ್ಯಾರ್ಥಿಗಳಿಗೆ ಸುಲಭವಾಗಿ ಅರ್ಥವಾಗಲೆಂದು ಪಠ್ಯಪುಸ್ತಕಗಳಲ್ಲಿ ಬಿಡಿಸಿದ ಒಂದು ಚಿತ್ರವು ಬಾಯಿಂದ ಬಾಯಿಗೆ ಸಾಗುತ್ತ ನಿಯಮದ ರೂಪ ಪಡೆದುಕೊಂಡಿದೆ. ಆ ಚಿತ್ರದಲ್ಲಿ ಶಕ್ತಿಯ ಮೂರು ಮೂಲಗಳು ಸರದಿಯಲ್ಲಿ ನಿಂತಿರುತ್ತವೆ. ಒಂದು ಮುಗಿದ ಮೇಲೆ ಮತ್ತೊಂದು ಮುಂದೆ ಬರುತ್ತದೆ. ಜೀವಂತ ಸ್ನಾಯುವಿನಲ್ಲಿ ಇಂಥ ಸರದಿ ಇಲ್ಲ. ನೀವು ಮೊದಲ ಹೆಜ್ಜೆ ಎತ್ತಿದ ಕ್ಷಣದಲ್ಲೇ ಮೂರೂ ಕೆಲಸಕ್ಕೆ ತೊಡಗಿರುತ್ತವೆ. ಹೊತ್ತು ಕಳೆದಂತೆ, ಅದಕ್ಕಿಂತ ಹೆಚ್ಚಾಗಿ ಓಟದ ಬಿರುಸಿಗೆ ತಕ್ಕಂತೆ, ಅವುಗಳ ಪಾಲು ಏರಿಳಿಯುತ್ತದೆ. ಇದು ಹೀಗೇಕೆ ಎಂದು ತಿಳಿಯಬೇಕಾದರೆ, ಸ್ನಾಯುವು ಎಂದಿಗೂ ಬರಿದಾಗಲು ಬಿಡದ ಒಂದು ವಸ್ತುವಿನಿಂದ ಹೊರಡಬೇಕು.

ಆ ವಸ್ತು ಅಡಿನೋಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎಟಿಪಿ. ಅನ್ನವಾಗಲಿ, ಎಣ್ಣೆಯಾಗಲಿ, ಮೈಯಲ್ಲಿ ಸೇರಿದ ಕೊಬ್ಬಾಗಲಿ ಸ್ನಾಯುವನ್ನು ನೇರವಾಗಿ ಎಳೆಯಲಾರವು. ಸ್ನಾಯುವಿನೊಳಗಿನ ಮಯೋಸಿನ್ ಎಂಬ ಪ್ರೋಟೀನಿನ ತಲೆಗಳು ಪಕ್ಕದ ಆಕ್ಟಿನ್ ಎಳೆಗಳನ್ನು ಹಿಡಿದು ಜಗ್ಗಿ, ಬಿಟ್ಟು, ಮತ್ತೆ ಹಿಡಿಯುತ್ತವೆ. ಹೀಗೆ ಒಂದು ಸಲ ಜಗ್ಗುವುದಕ್ಕೆ ಒಂದು ಎಟಿಪಿ ಅಣು ಒಡೆದು ಎಡಿಪಿಯೂ (ಅಡಿನೋಸಿನ್ ಡೈಫಾಸ್ಫೇಟ್) ಫಾಸ್ಫೇಟೂ ಆಗಬೇಕು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಹಿಡಿತ ಬಿಡುವುದಕ್ಕೂ ಎಟಿಪಿಯೇ ಬೇಕು. ಹೊಸ ಎಟಿಪಿ ಬಂದು ಅಂಟಿಕೊಳ್ಳದಿದ್ದರೆ ಮಯೋಸಿನ್ ತಾನು ಹಿಡಿದದ್ದನ್ನು ಬಿಡುವುದೇ ಇಲ್ಲ. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದು ಇದೇ ಕಾರಣಕ್ಕೆ. ಎಟಿಪಿ ಮುಗಿದ ಸ್ನಾಯು ಸಡಿಲವಾಗುವುದಿಲ್ಲ, ಬಿಗಿದುಕೊಂಡು ನಿಲ್ಲುತ್ತದೆ. ಇದರ ಜೊತೆಗೆ, ಸಂಕೋಚನಕ್ಕೆ ಸೂಚನೆ ಕೊಡಲು ಹೊರಬಿಟ್ಟ ಕ್ಯಾಲ್ಸಿಯಮ್ಮನ್ನು ಮತ್ತೆ ಅದರ ಚೀಲಗಳಿಗೆ ತುಂಬುವ ಪಂಪುಗಳೂ ಗಣನೀಯ ಪಾಲು ಎಟಿಪಿಯನ್ನು ಬಳಸುತ್ತವೆ.

ಇಷ್ಟು ಅಗತ್ಯವಾದ ವಸ್ತುವಿನ ದಾಸ್ತಾನು ಮಾತ್ರ ಅಚ್ಚರಿಯಾಗುವಷ್ಟು ಸಣ್ಣದು. ಇಡೀ ದೇಹದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎಟಿಪಿ 100 ಗ್ರಾಂ ಮೀರುವುದು ಕಷ್ಟ. ಪೂರ್ತಿ ಬಲ ಹಾಕಿ ಓಡುವ ಸ್ನಾಯುವಿಗೆ ತನ್ನಲ್ಲಿರುವ ಎಟಿಪಿ ಎರಡು ಮೂರು ಸೆಕೆಂಡಿಗೆ ಸಾಕಾದರೆ ಹೆಚ್ಚು. ಆದರೂ ನಾವು ದಿನವಿಡೀ ಬದುಕಿರುವುದು ಒಡೆದ ಎಟಿಪಿಯನ್ನು ದೇಹ ಆಗಿಂದಾಗಲೇ ಮತ್ತೆ ಜೋಡಿಸುವುದರಿಂದ. ಹೆಚ್ಚು ಓಡಾಟವಿಲ್ಲದ ದಿನದಲ್ಲೂ ಒಬ್ಬ ಮನುಷ್ಯ ಒಡೆದು ಮತ್ತೆ ಕಟ್ಟುವ ಎಟಿಪಿಯ ಒಟ್ಟು ಮೊತ್ತ ಅವನ ತೂಕದ ಆಸುಪಾಸಿಗೆ ಬರುತ್ತದೆ. ವಿಶ್ರಾಂತಿಯಿಂದ ಪೂರ್ಣ ವೇಗದ ಓಟಕ್ಕೆ ಏರಿದಾಗ ಕಾಲಿನ ಸ್ನಾಯುಗಳಲ್ಲಿ ಎಟಿಪಿಯ ಬೇಡಿಕೆ ನೂರು ಪಟ್ಟಿಗೂ ಹೆಚ್ಚಾಗಬಹುದು; ಅಷ್ಟಾದರೂ ಸ್ನಾಯುವಿನ ಒಟ್ಟು ಎಟಿಪಿ ಮಟ್ಟ ಅರ್ಧಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ನನ್ನ ಪ್ರಕಾರ ವ್ಯಾಯಾಮದ ಶರೀರಕ್ರಿಯೆಯಲ್ಲಿ ಇದಕ್ಕಿಂತ ದೊಡ್ಡ ವಿಸ್ಮಯವಿಲ್ಲ. ನೀವು ಕೇಳಿದ ಮೂರು ಮೂಲಗಳು ಎಟಿಪಿಯನ್ನು ಮತ್ತೆ ಕಟ್ಟುವ ಮೂರು ದಾರಿಗಳೇ.

ಎಲ್ಲಕ್ಕಿಂತ ವೇಗದ ದಾರಿ ಕ್ರಿಯೇಟಿನ್ ಫಾಸ್ಫೇಟ್. ಇದನ್ನು 1927ರಲ್ಲಿ ಲಂಡನ್ನಿನಲ್ಲಿ ಎಗಲ್ಟನ್ ದಂಪತಿಯೂ, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಅವರೂ ಬೇರೆ ಬೇರೆಯಾಗಿ ಸ್ನಾಯುವಿನಲ್ಲಿ ಗುರುತಿಸಿದರು. ಇದರ ಸಂಗ್ರಹ ಎಟಿಪಿಯ ಮೂರು ನಾಲ್ಕು ಪಟ್ಟು. ಎಟಿಪಿ ಒಡೆದು ಎಡಿಪಿಯಾದೊಡನೆ, ಒಂದೇ ಒಂದು ಕಿಣ್ವದ ನೆರವಿನಿಂದ, ಒಂದೇ ಹೆಜ್ಜೆಯಲ್ಲಿ, ಕ್ರಿಯೇಟಿನ್ ಫಾಸ್ಫೇಟ್ ತನ್ನ ಫಾಸ್ಫೇಟನ್ನು ಅದಕ್ಕೆ ದಾಟಿಸಿಬಿಡುತ್ತದೆ. ಆಮ್ಲಜನಕಕ್ಕೆ ಕಾಯಬೇಕಿಲ್ಲ. ಆದರೆ ಗರಿಷ್ಠ ಬಲದ ಓಟದಲ್ಲಿ ಇದು ಹತ್ತು ಸೆಕೆಂಡಿನ ಹೊತ್ತಿಗೇ ಬಹುಪಾಲು ಖಾಲಿಯಾಗಿರುತ್ತದೆ. ಓಟ ನಿಂತ ಮೇಲೆ ಅರ್ಧದಷ್ಟು ಅರ್ಧ ನಿಮಿಷದ ಆಸುಪಾಸಿನಲ್ಲೂ, ಹೆಚ್ಚುಕಡಿಮೆ ಪೂರ್ತಿ ಮೂರರಿಂದ ಐದು ನಿಮಿಷದಲ್ಲೂ ತುಂಬಿಕೊಳ್ಳುತ್ತದೆ. ಭಾರ ಎತ್ತುವವರು ಎರಡು ಸುತ್ತುಗಳ ನಡುವೆ ಕೆಲವು ನಿಮಿಷ ಸುಮ್ಮನೆ ಕೂರುವುದರ ಹಿಂದಿರುವ ಲೆಕ್ಕ ಇದೇ.

ಎರಡನೆಯ ದಾರಿ ಗ್ಲೈಕೋಲಿಸಿಸ್, ಅಂದರೆ ಸಕ್ಕರೆಯನ್ನು ಆಮ್ಲಜನಕದ ನೆರವಿಲ್ಲದೆ ಅರ್ಧಕ್ಕೆ ಸೀಳುವುದು. ಸ್ನಾಯುಗಳಲ್ಲಿ ಸಕ್ಕರೆಯ ಸಂಗ್ರಹ ಗ್ಲೈಕೋಜೆನ್ ರೂಪದಲ್ಲಿ ಇರುತ್ತದೆ; ಒಬ್ಬ ವಯಸ್ಕರ ಎಲ್ಲ ಸ್ನಾಯುಗಳಲ್ಲಿ ಸೇರಿ ಸುಮಾರು 300ರಿಂದ 500 ಗ್ರಾಂ, ಪಿತ್ತಜನಕಾಂಗದಲ್ಲಿ ಇನ್ನೊಂದು 100 ಗ್ರಾಂ. ರಕ್ತದಲ್ಲಿ ಹರಿಯುವ ಗ್ಲೂಕೋಸ್ ಒಟ್ಟು ಒಂದು ಚಮಚದಷ್ಟು, ನಾಲ್ಕೈದು ಗ್ರಾಂ. ರಕ್ತದ ಒಂದು ಗ್ಲೂಕೋಸ್ ಅಣುವನ್ನು ಹೀಗೆ ಸೀಳಿದರೆ ಕೈಗೆ ಉಳಿಯುವುದು ಎರಡು ಎಟಿಪಿ. ಸ್ನಾಯುವಿನದೇ ಗ್ಲೈಕೋಜೆನ್ನಿನಿಂದ ಹೊರಟರೆ ಮೂರು. ಇಳುವರಿ ಕಡಿಮೆ, ವೇಗ ಹೆಚ್ಚು. ಇದು ಯಾವಾಗ ಶುರುವಾಗುತ್ತದೆ ಎಂಬುದು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಸ್ನಾಯುವಿಗೆ ಸಂಕೋಚಿಸು ಎಂದು ಹೇಳುವ ಅದೇ ಕ್ಯಾಲ್ಸಿಯಂ, ಗ್ಲೈಕೋಜೆನ್ನನ್ನು ಬಿಚ್ಚುವ ಕಿಣ್ವವನ್ನೂ ಎಚ್ಚರಿಸುತ್ತದೆ. ಕೋಶದೊಳಗೆ ಆಮ್ಲಜನಕ ಬಳಸಿ ಎಟಿಪಿ ಕಟ್ಟುವ ಮೈಟೊಕಾಂಡ್ರಿಯ ಎಂಬ ಪುಟ್ಟ ಘಟಕಗಳೊಳಗಿನ ಕೆಲವು ಕಿಣ್ವಗಳನ್ನೂ ಚುರುಕುಗೊಳಿಸುತ್ತದೆ. ಖರ್ಚಿನ ಆಜ್ಞೆಯೂ ಗಳಿಕೆಯ ಆಜ್ಞೆಯೂ ಒಂದೇ ಉಸಿರಿನಲ್ಲಿ ಹೊರಡುತ್ತವೆ ಎಂದಾಯಿತು. ಹತ್ತನೆಯ ಸೆಕೆಂಡಿನವರೆಗೆ ಎರಡನೆಯ ದಾರಿ ಕಾದು ಕೂರುತ್ತದೆ ಎಂಬ ಕಲ್ಪನೆ ಇಲ್ಲಿಯೇ ಬಿದ್ದುಹೋಗುತ್ತದೆ.

ಮೂರನೆಯದು ಮೈಟೊಕಾಂಡ್ರಿಯದ ದಾರಿ. ಇಲ್ಲಿ ಸಕ್ಕರೆಯ ತುಣುಕುಗಳೂ ಕೊಬ್ಬಿನಾಮ್ಲಗಳೂ ಹಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರವನ್ನು ಹೊಕ್ಕು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಅವುಗಳಿಂದ ಕಿತ್ತುಕೊಂಡ ಎಲೆಕ್ಟ್ರಾನುಗಳು ಕೊನೆಗೆ ಆಮ್ಲಜನಕವನ್ನು ಸೇರಿದಾಗ ನೀರಾಗುತ್ತದೆ. ಆ ಹಾದಿಯಲ್ಲಿ ಹೈಡ್ರೋಜನ್ ಅಯಾನುಗಳು ಒಂದು ತೆಳು ಪೊರೆಯ ಆಚೆಗೆ ತಳ್ಳಲ್ಪಟ್ಟು, ಅಣೆಕಟ್ಟಿನ ಹಿಂದಿನ ನೀರಿನಂತೆ ಒತ್ತಡ ಕಟ್ಟಿಕೊಳ್ಳುತ್ತವೆ. ಅವು ಹಿಂದಿರುಗಿ ಹರಿಯುವಾಗ ಎಟಿಪಿ ಸಿಂಥೇಸ್ ಎಂಬ ಅಣುಗಾತ್ರದ ಚಕ್ರ ನಿಜವಾಗಿಯೂ ತಿರುಗುತ್ತದೆ, ಒಂದು ಸುತ್ತಿಗೆ ಮೂರು ಎಟಿಪಿ ಕಟ್ಟಿಕೊಡುತ್ತದೆ. ಈ ಒತ್ತಡದ ಕಲ್ಪನೆಯನ್ನು ಪೀಟರ್ ಮಿಚೆಲ್ 1961ರಲ್ಲಿ ಮುಂದಿಟ್ಟಾಗ ಹೆಚ್ಚಿನವರು ನಂಬಲಿಲ್ಲ; 1978ರಲ್ಲಿ ಅವರಿಗೆ ನೊಬೆಲ್ ಬಂತು. ಒಂದು ಗ್ಲೂಕೋಸ್ ಪೂರ್ತಿ ಉರಿದರೆ ಸುಮಾರು 30 ಎಟಿಪಿ, ಪಾಮಿಟಿಕ್ ಆಮ್ಲದಂಥ ಒಂದು ಕೊಬ್ಬಿನಾಮ್ಲ ಉರಿದರೆ ನೂರಕ್ಕೂ ಮೇಲೆ. ಇಳುವರಿ ಭರ್ಜರಿ, ಆದರೆ ವೇಗಕ್ಕೆ ಮಿತಿಯುಂಟು, ಏಕೆಂದರೆ ಶ್ವಾಸಕೋಶದಿಂದ ಸ್ನಾಯುವಿನವರೆಗೆ ಆಮ್ಲಜನಕ ತಲುಪಬೇಕು.

ಈಗ ಪಾಲುಗಳ ಲೆಕ್ಕಕ್ಕೆ ಬರೋಣ. ಜೀವ ಪಣಕ್ಕಿಟ್ಟಂತೆ 30 ಸೆಕೆಂಡು ಓಡಿದರೂ ಶಕ್ತಿಯ ಕಾಲು ಭಾಗದಷ್ಟು ಆಮ್ಲಜನಕದ ದಾರಿಯಿಂದಲೇ ಬಂದಿರುತ್ತದೆ. ಗರಿಷ್ಠ ಬಿರುಸಿನ ಶ್ರಮ ಸುಮಾರು 75 ಸೆಕೆಂಡು ಮುಂದುವರಿದರೆ ಆಮ್ಲಜನಕ ಬೇಡದ ದಾರಿಗಳೂ ಬೇಕಾದ ದಾರಿಯೂ ಸಮಸಮವಾಗುತ್ತವೆ. 800 ಮೀಟರ್ ಓಟವನ್ನು ಆಮ್ಲಜನಕವಿಲ್ಲದ ಓಟವೆಂದು ಹಿಂದೆ ವರ್ಣಿಸುತ್ತಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಆಮ್ಲಜನಕದಿಂದಲೇ ಬರುತ್ತದೆ ಎಂಬುದು ಈಗ ತಿಳಿದಿದೆ. ನಿಮ್ಮದು ದಿನದ ಹದವಾದ ಓಟವಾದ್ದರಿಂದ ಮೊದಲ ಒಂದೆರಡು ನಿಮಿಷ ಬಿಟ್ಟರೆ ಉಳಿದದ್ದೆಲ್ಲ ಮೈಟೊಕಾಂಡ್ರಿಯದ ಲೆಕ್ಕಕ್ಕೇ ಸೇರುತ್ತದೆ.

ಆ ಮೊದಲ ಎರಡು ನಿಮಿಷದ ಏದುಸಿರಿಗೂ ಉತ್ತರ ಇಲ್ಲಿಯೇ ಇದೆ. ಹೆಜ್ಜೆ ಎತ್ತಿದೊಡನೆ ಎಟಿಪಿಯ ಬೇಡಿಕೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಆಮ್ಲಜನಕದ ಬಳಕೆ ಮಾತ್ರ ಮೆಟ್ಟಿಲೇರಿದಂತೆ ನಿಧಾನವಾಗಿ ಏರಿ, ಎರಡು ಮೂರು ನಿಮಿಷಕ್ಕೆ ಬೇಡಿಕೆಯ ಮಟ್ಟವನ್ನು ಮುಟ್ಟುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುವ ಹೃದಯ 15-20 ಲೀಟರಿಗೆ ಏರಬೇಕು, ಸ್ನಾಯುಗಳ ಸಣ್ಣ ರಕ್ತನಾಳಗಳು ಅಗಲವಾಗಬೇಕು, ಮೈಟೊಕಾಂಡ್ರಿಯದ ಕಿಣ್ವಗಳು ವೇಗ ಹಿಡಿಯಬೇಕು. ಅಲ್ಲಿಯವರೆಗೆ ಉಳಿಯುವ ಕೊರತೆಯನ್ನು ಕ್ರಿಯೇಟಿನ್ ಫಾಸ್ಫೇಟ್ ಮತ್ತು ಗ್ಲೈಕೋಲಿಸಿಸ್ ತುಂಬಿಕೊಡುತ್ತವೆ. ಇತ್ತ ಉಸಿರಾಟವೂ, ರಕ್ತದಲ್ಲಿ ಇನ್ನೂ ಯಾವ ಬದಲಾವಣೆಯೂ ಆಗುವ ಮೊದಲೇ, ಮಿದುಳಿನ ಆಜ್ಞೆಯಿಂದಲೇ ಜೋರಾಗುತ್ತದೆ. ಕಾಲಿಗೆ ಓಡೆಂದು ಹೋಗುವ ಸಂದೇಶದ ಒಂದು ಪ್ರತಿ ಉಸಿರಾಟದ ಕೇಂದ್ರಕ್ಕೂ ಹೋಗುತ್ತದೆ ಎನ್ನಬಹುದು. ಪೂರೈಕೆ ಬೇಡಿಕೆಯನ್ನು ಸರಿಗಟ್ಟಿದಾಗ ಉಸಿರು ಒಂದು ಲಯಕ್ಕೆ ನಿಲ್ಲುತ್ತದೆ. ಐದು ನಿಮಿಷ ಬಿರುಸಿನಿಂದ ನಡೆದು ಆಮೇಲೆ ಓಟ ಆರಂಭಿಸಿದರೆ ಈ ಕೊರತೆ ಕಡಿಮೆಯಾಗಿ ಏದುಸಿರೂ ಕಡಿಮೆಯಾಗುವುದನ್ನು ನೀವೇ ಕಾಣಬಹುದು. ಓಟ ನಿಂತ ಮೇಲೂ ಕೆಲ ಹೊತ್ತು ಉಸಿರು ಜೋರಾಗಿರುವುದು ಕ್ರಿಯೇಟಿನ್ ಫಾಸ್ಫೇಟನ್ನು ಮತ್ತೆ ತುಂಬಲು, ರಕ್ತಕ್ಕೂ ಸ್ನಾಯುವಿಗೂ ಆಮ್ಲಜನಕ ಮರಳಿಸಲು, ಏರಿದ ದೇಹತಾಪವನ್ನು ನಿಭಾಯಿಸಲು. ತಾಪ ಏರುವುದೇಕೆಂದರೆ, ನಾವು ಉರಿಸುವ ಶಕ್ತಿಯಲ್ಲಿ ಚಲನೆಯಾಗುವುದು ನಾಲ್ಕನೇ ಒಂದು ಭಾಗದಷ್ಟು ಮಾತ್ರ; ಉಳಿದದ್ದು ಶಾಖ.

ಇನ್ನು ಕೊಬ್ಬು. ನೀವು ಕುಳಿತು ಇದನ್ನು ಓದುತ್ತಿರುವ ಈ ಹೊತ್ತಿನಲ್ಲೂ ಕೊಬ್ಬು ಉರಿಯುತ್ತಿದೆ. ಉಂಡು ಹಲವು ಗಂಟೆ ಕಳೆದಿದ್ದರೆ ವಿಶ್ರಾಂತಿಯ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಬರುವುದು ಅದರಿಂದಲೇ. ಇದನ್ನು ಊಹೆಯಿಂದ ಹೇಳುತ್ತಿಲ್ಲ. ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಒಳಗೆ ಸೇರಿದ ಆಮ್ಲಜನಕದಿಂದ ಭಾಗಿಸಿದರೆ, ಬರಿಯ ಸಕ್ಕರೆ ಉರಿಯುವಾಗ 1.0, ಬರಿಯ ಕೊಬ್ಬು ಉರಿಯುವಾಗ 0.7 ಬರುತ್ತದೆ. ಮುಖಕ್ಕೆ ಕವಚ ಹಾಕಿ ಉಸಿರನ್ನು ಅಳೆದರೆ ಎಷ್ಟು ಯಾವುದು ಎಂಬುದು ತಿಳಿಯುತ್ತದೆ. ಹೀಗೆ ಅಳೆದಾಗ, ಹದವಾದ ವೇಗದ ಓಟದ ಆರಂಭದ ನಿಮಿಷಗಳಲ್ಲೇ ಕೊಬ್ಬಿನ ಪಾಲು ಕಾಣುತ್ತದೆ, ಏಕೆಂದರೆ ಸ್ನಾಯುನಾರುಗಳ ಒಳಗೇ ಮೈಟೊಕಾಂಡ್ರಿಯಕ್ಕೆ ತಗುಲಿದಂತೆ ಸಣ್ಣ ಸಣ್ಣ ಕೊಬ್ಬಿನ ಹನಿಗಳಿರುತ್ತವೆ, ರಕ್ತದಲ್ಲಿಯೂ ಕೊಬ್ಬಿನಾಮ್ಲಗಳು ಹರಿಯುತ್ತಿರುತ್ತವೆ. ಇಪ್ಪತ್ತು ನಿಮಿಷದ ಮಾತಿನಲ್ಲಿ ನಿಜದ ಅಂಶವೊಂದಿದೆ: ಹೊಟ್ಟೆ, ಸೊಂಟಗಳ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲ ಬಿಡುಗಡೆಯಾಗಿ ರಕ್ತದಲ್ಲಿ ಸ್ನಾಯುವಿಗೆ ಬಂದು ಸೇರುವ ಪ್ರಮಾಣ ಹೊತ್ತು ಕಳೆದಂತೆ ನಿಧಾನವಾಗಿ ಏರುತ್ತದೆ. ಏರಿಕೆ ಇಳಿಜಾರಿನಂತೆ ಸಾಗುತ್ತದೆಯೇ ಹೊರತು ಇಪ್ಪತ್ತನೆಯ ನಿಮಿಷಕ್ಕೆ ತೆರೆಯುವ ಬಾಗಿಲೇನೂ ಅಲ್ಲಿಲ್ಲ.

ಗಡಿಯಾರಕ್ಕಿಂತ ವೇಗ ಇಲ್ಲಿ ಹೆಚ್ಚು ನಿರ್ಣಾಯಕ. ಕೊಬ್ಬಿನಿಂದ ಎಟಿಪಿ ಕಟ್ಟಬಹುದಾದ ಗರಿಷ್ಠ ವೇಗ ಗ್ಲೈಕೋಜೆನ್ನನ್ನು ಆಮ್ಲಜನಕದೊಂದಿಗೆ ಉರಿಸುವ ವೇಗದ ಸುಮಾರು ಅರ್ಧ. ಅಲ್ಲದೆ ಒಂದು ಲೀಟರ್ ಆಮ್ಲಜನಕದಿಂದ ಸಕ್ಕರೆ ಸುಮಾರು 5 ಕಿಲೋಕ್ಯಾಲೊರಿ ಕೊಟ್ಟರೆ ಕೊಬ್ಬು 4.7 ಮಾತ್ರ ಕೊಡುತ್ತದೆ. ಹೀಗಾಗಿ ಬಿರುಸು ಹೆಚ್ಚಿದಂತೆ ದೇಹ ಸಕ್ಕರೆಯತ್ತ ವಾಲುತ್ತದೆ. ಇದರಿಂದ, ನಿಧಾನವಾಗಿ ಓಡಿದರೆ ಹೆಚ್ಚು ಕೊಬ್ಬು ಕರಗುತ್ತದೆ ಎಂಬ ಇನ್ನೊಂದು ನಂಬಿಕೆ ಹುಟ್ಟಿದೆ. ಅದರಲ್ಲಿ ಪಾಲು ಮತ್ತು ಮೊತ್ತ ಒಂದರೊಳಗೊಂದು ಬೆರೆತುಹೋಗಿವೆ. ಉದಾಹರಣೆಗೆ, ಗಂಟೆಗೆ 300 ಕಿಲೋಕ್ಯಾಲೊರಿ ಖರ್ಚಾಗುವ ನಡಿಗೆಯಲ್ಲಿ ಶೇಕಡಾ 55 ಕೊಬ್ಬಿನಿಂದ ಬಂದರೆ ಅದು 165. ಗಂಟೆಗೆ 600 ಖರ್ಚಾಗುವ ಓಟದಲ್ಲಿ ಶೇಕಡಾ 35 ಮಾತ್ರ ಬಂದರೂ ಅದು 210. ಹಾಗೆಂದು ಓಟವೇ ಮೇಲೆಂದು ನಾನು ಹೇಳುತ್ತಿಲ್ಲ. ವ್ಯಾಯಾಮದಲ್ಲಿ ಹೆಚ್ಚು ಸಕ್ಕರೆ ಉರಿಸಿದವರ ದೇಹ ಮುಂದಿನ ಗಂಟೆಗಳಲ್ಲಿ ಹೆಚ್ಚು ಕೊಬ್ಬನ್ನು ಬಳಸುತ್ತದೆ. ತೂಕದ ವಿಷಯದಲ್ಲಿ ಎಣಿಕೆಗೆ ಬರುವುದು ಉಂಡದ್ದು ಮತ್ತು ಖರ್ಚಾದದ್ದರ ವಾರಗಟ್ಟಲೆಯ ಲೆಕ್ಕ. ನಿಮ್ಮ ಹದಿನೈದು ನಿಮಿಷ ಆ ಲೆಕ್ಕಕ್ಕೆ ಪೂರ್ತಿಯಾಗಿ ಸೇರುತ್ತದೆ. ಅಂದಹಾಗೆ, ಕರಗಿದ ಕೊಬ್ಬು ಬೆವರಾಗಿ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. 10 ಕಿಲೋ ಕೊಬ್ಬು ಪೂರ್ತಿ ಉರಿದರೆ ಅದರ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೊರಹೋಗುತ್ತದೆ, 1.6 ಕಿಲೋ ಮಾತ್ರ ನೀರಾಗುತ್ತದೆ.

ದೇಹ ಕೊಬ್ಬನ್ನೇ ಮುಖ್ಯ ಉಗ್ರಾಣವಾಗಿ ಇಟ್ಟುಕೊಂಡಿರುವುದಕ್ಕೂ ಕಾರಣವಿದೆ. ಕೊಬ್ಬು ಗ್ರಾಂಗೆ 9 ಕಿಲೋಕ್ಯಾಲೊರಿ, ಸಕ್ಕರೆ 4. ಮೇಲಾಗಿ ಗ್ಲೈಕೋಜೆನ್ನಿನ ಪ್ರತಿ ಗ್ರಾಂ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ. 60 ಕಿಲೋ ತೂಕದ ವ್ಯಕ್ತಿಯಲ್ಲಿ 12 ಕಿಲೋ ಕೊಬ್ಬಿದ್ದರೆ ಅದು 90,000 ಕಿಲೋಕ್ಯಾಲೊರಿ ಮೀರುತ್ತದೆ. ಅದನ್ನೇ ಗ್ಲೈಕೋಜೆನ್ ರೂಪದಲ್ಲಿ ಇಟ್ಟುಕೊಳ್ಳಬೇಕಾಗಿದ್ದರೆ ನೀರೂ ಸೇರಿ 90 ಕಿಲೋ ಹೊರಬೇಕಿತ್ತು. ಇರುವ 400 ಗ್ರಾಂ ಗ್ಲೈಕೋಜೆನ್ ದೂರದ ಓಟಗಾರರಿಗೆ ಎಷ್ಟು ಅಮೂಲ್ಯ ಎಂಬುದನ್ನು ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್ 1966ರಲ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. ಒಂದೇ ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಕುಳಿತು ಒಂದೊಂದೇ ಕಾಲಿನಿಂದ ತುಳಿದರು; ದುಡಿದ ಕಾಲಿನ ಗ್ಲೈಕೋಜೆನ್ ಬರಿದಾಯಿತು, ಸುಮ್ಮನಿದ್ದ ಕಾಲಿನದು ಹಾಗೆಯೇ ಉಳಿಯಿತು. ಮುಂದಿನ ದಿನಗಳಲ್ಲಿ ಪಿಷ್ಟ ಹೆಚ್ಚಿರುವ ಆಹಾರ ಉಂಡಾಗ ದುಡಿದ ಕಾಲು ಇನ್ನೊಂದರ ಸುಮಾರು ಎರಡು ಪಟ್ಟು ಗ್ಲೈಕೋಜೆನ್ ತುಂಬಿಕೊಂಡಿತು. ಒಂದು ಕಾಲಿನ ಗ್ಲೈಕೋಜೆನ್ ಇನ್ನೊಂದಕ್ಕೆ ಗ್ಲೂಕೋಸಾಗಿ ಹೋಗಲಾರದು ಎಂಬುದೂ ಇದರಲ್ಲೇ ಅಡಗಿದೆ.

ಲ್ಯಾಕ್ಟಿಕ್ ಆಮ್ಲದ ಮೇಲಿನ ಆರೋಪಕ್ಕೆ ಶತಮಾನದ ವಯಸ್ಸಾಗಿದೆ. 1907ರಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್, ಬೇರ್ಪಡಿಸಿದ ಕಪ್ಪೆಯ ಸ್ನಾಯು ದಣಿದಾಗ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುವುದನ್ನು ತೋರಿಸಿದರು. ಎರಡು ಸಂಗತಿ ಒಟ್ಟಿಗೆ ಕಂಡದ್ದರಿಂದ ಒಂದು ಇನ್ನೊಂದರ ಕಾರಣವೆಂದು ಲೋಕ ನಂಬಿತು. ವಾಸ್ತವದಲ್ಲಿ ಸ್ನಾಯುವಿನಲ್ಲಿ ಇರುವುದು ಬಹುಪಾಲು ಲ್ಯಾಕ್ಟೇಟ್, ಅಂದರೆ ಹೈಡ್ರೋಜನ್ ಅಯಾನು ಕಳಚಿಕೊಂಡ ಲ್ಯಾಕ್ಟಿಕ್ ಆಮ್ಲ, ಮತ್ತು ಅದು ಕಸವಲ್ಲ. ಗ್ಲೈಕೋಲಿಸಿಸ್ ನಿಲ್ಲದೆ ಸಾಗಲು ಬೇಕಾದ ಒಂದು ಸಹಕಿಣ್ವವನ್ನು ಮರಳಿ ಒದಗಿಸುವುದೇ ಲ್ಯಾಕ್ಟೇಟ್ ಉಂಟಾಗುವ ಹೆಜ್ಜೆ. ಹುಟ್ಟಿದ ಲ್ಯಾಕ್ಟೇಟನ್ನು ಪಕ್ಕದ ನಾರುಗಳೂ ಹೃದಯವೂ ಇಂಧನವಾಗಿ ಉರಿಸುತ್ತವೆ. ಪಿತ್ತಜನಕಾಂಗ ಅದರಿಂದ ಮತ್ತೆ ಗ್ಲೂಕೋಸ್ ಮಾಡುತ್ತದೆ. ಬಿರುಸಿನ ಓಟದ ಕೊನೆಯಲ್ಲಿ ಕಾಲಿನಲ್ಲಿ ಏಳುವ ಉರಿ, ಹೈಡ್ರೋಜನ್ ಅಯಾನು, ಲ್ಯಾಕ್ಟೇಟ್, ಕೋಶದ ಹೊರಗೆ ಸೋರಿದ ಎಟಿಪಿ ಇವೆಲ್ಲ ಸೇರಿ ನೋವಿನ ನರಗಳನ್ನು ಕೆಣಕುವುದರಿಂದ ಬರುತ್ತದೆ. ಸ್ನಾಯುವಿನ ಬಲ ಕುಗ್ಗುವುದರಲ್ಲಿ ಕ್ರಿಯೇಟಿನ್ ಫಾಸ್ಫೇಟ್ ಒಡೆದು ಸೇರಿದ ಫಾಸ್ಫೇಟಿಗೂ ದೊಡ್ಡ ಪಾತ್ರವಿದೆ. ಈ ವಾದಕ್ಕೆ ನನಗೆ ಅತಿ ಬಲವಾದ ಸಾಕ್ಷಿಯಾಗಿ ಕಾಣುವುದು 1951ರಲ್ಲಿ ಬ್ರಯಾನ್ ಮೆಕ್‌ಆರ್ಡಲ್ ವಿವರಿಸಿದ ಅಪರೂಪದ ಕಾಯಿಲೆ. ಈ ಕಾಯಿಲೆಯವರ ಸ್ನಾಯುಗಳಲ್ಲಿ ಗ್ಲೈಕೋಜೆನ್ ಬಿಚ್ಚುವ ಕಿಣ್ವವಿಲ್ಲ, ಆದ್ದರಿಂದ ಶ್ರಮಪಟ್ಟರೂ ರಕ್ತದಲ್ಲಿ ಲ್ಯಾಕ್ಟೇಟ್ ಏರುವುದಿಲ್ಲ. ಲ್ಯಾಕ್ಟೇಟೇ ದಣಿವಿನ ಮೂಲವಾಗಿದ್ದರೆ ಇವರು ದಣಿವರಿಯದವರಾಗಬೇಕಿತ್ತು. ಆದರೆ ಇವರು ಎಲ್ಲರಿಗಿಂತ ಬೇಗ ದಣಿಯುತ್ತಾರೆ, ಸ್ನಾಯುಸೆಳೆತದಿಂದ ನರಳುತ್ತಾರೆ. ನಿಧಾನವಾಗಿ ಎಂಟು ಹತ್ತು ನಿಮಿಷ ನಡೆದ ಮೇಲೆ, ರಕ್ತದ ಗ್ಲೂಕೋಸೂ ಕೊಬ್ಬೂ ನೆರವಿಗೆ ಬಂದಾಗ, ಇವರಿಗೆ ನಡಿಗೆ ಇದ್ದಕ್ಕಿದ್ದಂತೆ ಹಗುರವಾಗುತ್ತದೆ.

ಮರುದಿನದ ತೊಡೆನೋವಿಗೂ ಲ್ಯಾಕ್ಟೇಟಿಗೂ ಸಂಬಂಧವಿಲ್ಲ. ಏರಿದ ಲ್ಯಾಕ್ಟೇಟ್ ಓಟ ನಿಂತ ಒಂದು ಗಂಟೆಯ ಆಸುಪಾಸಿನಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೋವು ಹೆಚ್ಚುವುದು ಒಂದರಿಂದ ಮೂರು ದಿನಗಳ ನಡುವೆ. ಇಳಿಜಾರಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಕಡಿಮೆ, ನೋವು ಹೆಚ್ಚು, ಏಕೆಂದರೆ ಅಲ್ಲಿ ತೊಡೆಯ ಸ್ನಾಯು ಬಿಗಿದಿರುವಾಗಲೇ ಹಿಗ್ಗಿಸಲ್ಪಟ್ಟು ನಾರುಗಳಲ್ಲಿ ಸೂಕ್ಷ್ಮ ಹಾನಿಯೂ ಅದರ ಹಿಂದೆ ಉರಿಯೂತವೂ ಆಗುತ್ತವೆ. ಈ ನೋವು ತಾನಾಗಿ ಹೋಗುತ್ತದೆ. ಆದರೆ ನೋವಿನ ಜೊತೆ ಸ್ನಾಯು ಊದಿಕೊಂಡು, ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ, ಸ್ನಾಯು ಒಡೆದು ಅದರ ಪ್ರೋಟೀನು ಮೂತ್ರಪಿಂಡಕ್ಕೆ ಹೋಗುತ್ತಿರಬಹುದು. ಆಗ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ನೀವು ಕೇಳದಿದ್ದರೂ ನಿಮ್ಮ ಆರು ತಿಂಗಳ ಬಗ್ಗೆ ಒಂದು ಮಾತು ಹೇಳಬೇಕು. ಜಾನ್ ಹೊಲೊಸಿ 1967ರಲ್ಲಿ ಇಲಿಗಳನ್ನು ವಾರಗಟ್ಟಲೆ ಓಡಿಸಿ ನೋಡಿದಾಗ, ಅವುಗಳ ಕಾಲಿನ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯದ ಉಸಿರಾಟದ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ಮನುಷ್ಯರಲ್ಲಿಯೂ ಅಂಥ ಹೆಚ್ಚಳವಾಗುತ್ತದೆಂದು ಆಮೇಲೆ ತಿಳಿಯಿತು. ಸ್ನಾಯುನಾರುಗಳ ಸುತ್ತ ಹೊಸ ಲೋಮನಾಳಗಳೂ ಹುಟ್ಟುತ್ತವೆ. ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿದರೂ ಈಗ ನಿಮ್ಮ ಸ್ನಾಯುಗಳು ಆರು ತಿಂಗಳ ಹಿಂದಿಗಿಂತ ಹೆಚ್ಚು ಕೊಬ್ಬನ್ನೂ ಕಡಿಮೆ ಗ್ಲೈಕೋಜೆನ್ನನ್ನೂ ಬಳಸುತ್ತಿರುತ್ತವೆ, ಕಡಿಮೆ ಲ್ಯಾಕ್ಟೇಟ್ ಹೊರಬಿಡುತ್ತಿರುತ್ತವೆ, ಆಮ್ಲಜನಕದ ಬಳಕೆ ಬೇಡಿಕೆಯ ಮಟ್ಟವನ್ನು ಮುಟ್ಟಲು ತೆಗೆದುಕೊಳ್ಳುವ ಹೊತ್ತೂ ಕಡಿಮೆಯಾಗಿರುತ್ತದೆ. ಆರಂಭದ ದಿನಗಳಲ್ಲಿ ನಿಮ್ಮ ಏದುಸಿರು ಎಷ್ಟು ನಿಮಿಷ ಇರುತ್ತಿತ್ತು ಎಂಬ ನೆನಪಿದ್ದರೆ, ಇಂದಿನದರೊಂದಿಗೆ ಹೋಲಿಸಿ ನೋಡಿ.